ಫೇಲ್ ಅಂದರೆ ಫೇಲ್: ಆದೋನಿಯ ಲ್ಯಾಪ್‌ಟಾಪ್ ಸಂದರ್ಶನ

ಆದೋನಿಯ ಹತ್ತಿ ಮಾರುಕಟ್ಟೆ ಪಕ್ಕದ ದಲಾಲಿ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ, ಕೀಲು ಮುರಿದು ಗೋಡೆಗೆ ಒರಗಿದ ಲ್ಯಾಪ್‌ಟಾಪ್. ಸಾಹುಕಾರರ ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದದ್ದು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾರೋ ಬರೆದ ಮಾಡ್ಯೂಲುಗಳನ್ನು ಇಳಿಸಿಕೊಂಡು, ಬಿಲ್ಡ್ ಮಾಡಿ, ಪರೀಕ್ಷಿಸಿ, ಫಲಿತಾಂಶ ಕಳಿಸುವುದು ಅದರ ಕಸುಬು. ಫ್ಯಾನಿನ ಜಾಲರಿ ತುಂಬ ಹತ್ತಿಯ ಎಳೆ.

ಈ ಕೆಲಸಕ್ಕೆ ನಿಮ್ಮನ್ನು ಯಾರು ನೇಮಿಸಿದರು?

ಯಾರೂ ಇಲ್ಲ ಸಾರ್. ಸಿಪ್ಯಾನ್ ಟೆಸ್ಟರ್ಸ್ ಅಂತ 1998ರಿಂದ ನಡಕೊಂಡು ಬಂದೈತೆ. ಮಾಡ್ಯೂಲ್ ಬರೆದೋರು ಸಿಪ್ಯಾನ್ ಭಂಡಾರಕ್ಕೆ ಹಾಕ್ತಾರೆ. ನನ್ನಂಥ ಬಿಟ್ಟಿ ಆಳುಗಳು ಇಳಿಸಿ ನೋಡಿ ಪಾಸ್, ಫೇಲ್ ಬರೆದು ಕಳಿಸ್ತೀವಿ. ಕರೆಂಟ್ ಬಿಲ್ಲು ಸಾಹುಕಾರರದು, ಅವರಿಗಿನ್ನೂ ಗೊತ್ತಿಲ್ಲ.

ಪರದೇಶದಲ್ಲಿ ದೊಡ್ಡ ದೊಡ್ಡ ಯಂತ್ರಗಳಿರುವಾಗ ನಿಮ್ಮ ಮಾತು ಯಾರಿಗೆ ಬೇಕು?

ಬರೆದೋರ ಯಂತ್ರದಾಗೆ ಎಲ್ಲಾ ಪಾಸೇ ನೋಡ್ರಿ. ನಾವು ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದೆ. ಆ ಅರ್ಧ ತಾಸಿನ ಖಬರಿಲ್ದೆ ಬರೆದ ಕೋಡು ನನ್ನ ಹತ್ರ ಬಂದು ಮುಗ್ಗರಿಸ್ತೈತೆ. ನೇಪಾಳದ ಯಂತ್ರ ಸಿಕ್ರೆ ಕೇಳ್ರಿ, ಅವರದು ಐದೂಮುಕ್ಕಾಲು! 2017ರಾಗೆ ಪರ್ಲ್ 5.26 ಬಂತು. ಮಾಡ್ಯೂಲ್ ಹುಡುಕೋ ಜಾಗಗಳ ಪಟ್ಟಿಯಿಂದ, ನಾವಿರೋ ಡೈರೆಕ್ಟರಿನೇ ತೆಗೆದುಬಿಟ್ರು. ಸುರಕ್ಷತೆಗೆ ಒಳ್ಳೇದೇ. ಅದನ್ನೇ ನಂಬಿಕೊಂಡಿದ್ದ ಎಷ್ಟೋ ಮಾಡ್ಯೂಲು ಇನ್‌ಸ್ಟಾಲ್ ಆಗಲೇ ಇಲ್ಲ. ಯಾವ್ಯಾವು ಬಿದ್ವು ಅಂತ ಒಂದೊಂದಾಗಿ ಹೇಳಿದ್ದು ನಮ್ಮಂಥೋರೇ.

ಆದೋನಿಯ ಬಿಸಿಲಿಗೆ ನೀವೇ ಸುಸ್ತಾಗಿರಬಹುದಲ್ಲ?

ಇರಬೋದು. ಅದಕ್ಕೇ ಬರೀ ಫೇಲ್ ಅಂತ ಬರೆಯಲ್ಲ. ಪರ್ಲ್ ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಯಾವ ಪರೀಕ್ಷೆ ಎಷ್ಟನೇ ಸಾಲಿನಾಗೆ ಬಿತ್ತು, ಎಲ್ಲಾ ಲಗತ್ತು. ಯಾರ್ಡಿನಾಗೆ ಖರೀದಿದಾರ ಒಂದು ಹಿಡಿ ಹತ್ತಿ ಕಿತ್ತು ಹಿಸುಕ್ತಾನೆ, 'ತ್ಯಾವ ಐತೆ' ಅಂತಾನೆ, ದರ ಇಳಿಸಿ ಮುಂದಕ್ಕೆ ಹೋಗ್ತಾನೆ. ಎಷ್ಟು ತ್ಯಾವ ಅಂತ ರೈತ ಕೇಳಂಗಿಲ್ಲ. ನಾನು ಹಂಗಲ್ಲ.

(ಹೊರಗೆ ಕೂತಿದ್ದ ಗುಮಾಸ್ತರು ಕೆಮ್ಮಿದರು.)

ಭಾಷೆ ಕನ್ನಡ, ವಿಳಾಸ ಆಂಧ್ರ. ವರದಿಯಲ್ಲಿ ಗೊಂದಲವಾಗುವುದಿಲ್ಲವೆ?

ನನ್ನ ಲೊಕೇಲ್ 'ಕೆಎನ್_ಐಎನ್'. ಕನ್ನಡ, ಇಂಡಿಯಾ, ಅಷ್ಟೇ. ರಾಜ್ಯ ಬರೆಯೋ ಕಾಲಂ ಇಲ್ಲ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕು ಆಂಧ್ರಕ್ಕೆ ಹೋದ ಸುದ್ದಿ ಲಿನಕ್ಸ್‌ಗೆ ಇನ್ನೂ ಮುಟ್ಟಿಲ್ಲ. ನೀವೂ ಮುಟ್ಟಿಸಬೇಡ್ರಿ.

ಮಾಡ್ಯೂಲ್ ಬರೆದವರು ಧನ್ಯವಾದ ಹೇಳುತ್ತಾರೆಯೆ?

ಕೆಲವರು ಹೇಳ್ತಾರೆ, ಪುಣ್ಯಾತ್ಮರು. ಉಳಿದೋರದು ಒಂದೇ ರಾಗ: 'ನನ್ನ ಹತ್ರ ಸರಿಯಾಗೇ ನಡೀತೈತಲ್ಲ?' ಇನ್ನು ಜಾಣರು ಪರೀಕ್ಷೆನೇ ಬರೆಯಲ್ಲ. ಪರೀಕ್ಷೆ ಇಲ್ದಿದ್ರೆ ಫೇಲ್ ಕೊಡಂಗಿಲ್ಲ ಸಾರ್, 'ಅನ್‌ನೋನ್' ಅಂತ ಬರೀಬೇಕು. ಮರ್ಯಾದೆ ಉಳೀತು!

ಇತ್ತೀಚೆಗೆ ಕೊಟ್ಟ ಫೇಲ್ ಯಾವುದು?

ಒಂದು ಕೆಲಸ ಎರಡು ಸೆಕೆಂಡಿನಾಗೆ ಮುಗೀಬೇಕು ಅಂತ ಪರೀಕ್ಷೆ ಇತ್ತು. ಮಧ್ಯಾಹ್ನದ ಕಾವಿಗೆ ನನಗೆ ಮೂರು ಹಿಡೀತು. ಫೇಲ್ ಅಂತ ಕಳಿಸಿದೆ. ವಾರದಾಗೇ ಹೊಸ ಆವೃತ್ತಿ ಬಂತು.

ಪರವಾಗಿಲ್ಲವೇ! ಕೋಡು ಚುರುಕು ಮಾಡಿದರಾ?

ಇಲ್ಲ, ಆ ಪರೀಕ್ಷೆ ಒಂದನ್ನೇ ಕಿತ್ತುಹಾಕಿದ್ರು. ಪಾಸ್ ಅಂತ ನಾನೇ ಬರೆದು ಕಳಿಸೀನಿ.