ಹಂಚಿನ ಮುಂದಿನ ಮ್ಯಾನೇಜ್‌ಮೆಂಟ್

ಟೈಮ್ ಮ್ಯಾನೇಜ್‌ಮೆಂಟ್ ಪಂಡಿತರು ಕೆಲಸಗಳನ್ನು ತುರ್ತು, ಮುಖ್ಯ ಎಂದು ಅಳೆದು ನಾಲ್ಕು ಚೌಕಗಳಲ್ಲಿ ಹಾಕುತ್ತಾರೆ. ಅದಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರು ಬೇರೆ. ಆಳಂದ ತಾಲ್ಲೂಕಿನ ಸರಸಂಬಾ ಕಡೆ ರೊಟ್ಟಿ ಮಾರುವ ಅಕ್ಕಂದಿರಿಗೆ ಎರಡೇ ಚೌಕ ಸಾಕು: ಬಿಸಿ ರೊಟ್ಟಿ, ಖಡಕ್ ರೊಟ್ಟಿ. ಬಿಸಿಯದು ಈಗಲೇ ಹೋಗಬೇಕು. ಖಡಕ್ಕಿನದು ಉದ್ರಿ ಗಿರಾಕಿಯ ಹಾಗೆ, ತಿಂಗಳಾದರೂ ಅದಕ್ಕೆ ಅವಸರವಿಲ್ಲ.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಲ್ಲಿ ನಾದಿಟ್ಟು ಫೋನಿಗೆ ಕೂತರೆ ರೊಟ್ಟಿಯ ಅಂಚು ಬಿರಿಯುತ್ತದೆ. ಬ್ಯಾಂಕಿನವರಾದರೂ ಕಾಯ್ದಾರು, ಹಿಟ್ಟು ಕಾಯದು! ಎಳ್ಳಮಾವಾಸ್ಯೆ ಬಂತೆಂದರೆ ಸಜ್ಜೆ ರೊಟ್ಟಿ, ತೊಗರಿ ರಾಶಿ, ಬೀಗರು ಎಲ್ಲ ಒಟ್ಟಿಗೇ.

"ಅಕ್ಕಾ, ನಂದು ಅರ್ಜೆಂಟ್ ಅದರಿ!"

"ಹಂಚು ಒಂದೇ ಅದಪ್ಪ. ನೀ ಒಲಿಗೆ ಕಟ್ಟಿಗಿ ಹಾಕು."

ಗಿರಾಕಿ ಚಪ್ಪಲಿ ಬಿಟ್ಟು ಒಳಗೆ ಬಂದ.