ಸೈಟು ನಮ್ಮದು, ಒಕ್ಕಲು ಅವರದು

ಹತ್ತು ಸಾವಿರದೊಳಗೆ ಒಂದು ಟ್ಯಾಬ್ ತರೋಣ ಎಂದು ಹೊರಟವರು ಮೊದಲು ಶಾಲೆಯಲ್ಲಿ ಕಲಿತ ಕೂಡುವ ಲೆಕ್ಕವನ್ನು ಮರೆಯಬೇಕು. ಪೆಟ್ಟಿಗೆಯ ಮೇಲೆ 8 ಜಿಬಿ ರ‍್ಯಾಮ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ, ಪಕ್ಕದಲ್ಲೊಂದು ನಕ್ಷತ್ರ. ಆ ನಕ್ಷತ್ರದ ಜಾಡು ಹಿಡಿದು ಪೆಟ್ಟಿಗೆಯ ತಳ ತಿರುಗಿಸಿದರೆ ಭೂತಗನ್ನಡಿ ಬೇಡುವ ಅಕ್ಷರದಲ್ಲಿ ಸತ್ಯ ಸಿಗುತ್ತದೆ: ಅಸಲಿ 4 ಜಿಬಿ, ಮಿಕ್ಕ 4 ವರ್ಚುವಲ್. ವರ್ಚುವಲ್ ಅಂದರೆ ಸ್ಟೋರೇಜಿನಿಂದ ಕೈಗಡ ತಂದದ್ದು. ಆ ಸ್ಟೋರೇಜನ್ನೋ, ಅದೇ ಪೆಟ್ಟಿಗೆಯ ಮೇಲೆ 64 ಜಿಬಿ ಎಂದು ಪೂರ್ತಿಯಾಗಿಯೇ ಎಣಿಸಿರುತ್ತಾರೆ. ಕೈಗಡ ಕೊಟ್ಟವನೂ ಶ್ರೀಮಂತ, ಇಸಕೊಂಡವನೂ ಶ್ರೀಮಂತ.

ಪರದೆಯ ಕಥೆಯೂ ಹೀಗೇ. ಪರದೆ ಫುಲ್ ಎಚ್‌ಡಿ ಇದ್ದರೂ ಟ್ಯಾಬ್‌ಗೆ ವೈಡ್‌ವೈನ್ ಎಲ್1 ಪರವಾನಗಿ ಇಲ್ಲದಿದ್ದರೆ, ನೆಟ್‌ಫ್ಲಿಕ್ಸ್ ಅದಕ್ಕೆ ಎಚ್‌ಡಿ ಚಿತ್ರವನ್ನೇ ಕಳಿಸುವುದಿಲ್ಲ. ನೀವು ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬರುತ್ತೀರಿ.

ಇನ್ನು ಆಪರೇಟಿಂಗ್ ಸಿಸ್ಟಂ. ಬೆಂಗಳೂರಿನ ಎಸ್.ಪಿ. ರೋಡಿನ ಯಾವುದಾದರೂ ಅಂಗಡಿಯಲ್ಲಿ ಕೇಳಿ ನೋಡಿ.

“ಆಂಡ್ರಾಯ್ಡ್ ಅಪ್‌ಡೇಟ್ ಎಷ್ಟು ವರ್ಷ ಬರುತ್ತಪ್ಪಾ ಇದಕ್ಕೆ?”

“ಬರ್ತಾನೇ ಇರುತ್ತೆ ಸರ್.”

“ಕಂಪನಿಯವರು ಹೇಳಿದಾರಾ?”

“ವೈಫೈ ಹಾಕ್ತಿದ್ದಂಗೇ ಬರುತ್ತೆ ಸರ್. ವಾಟ್ಸಾಪ್, ಯೂಟ್ಯೂಬ್, ಎಲ್ಲಾದೂ. ಕವರ್ ಫ್ರೀ ಕೊಡ್ತೀನಿ.”

ಹುಡುಗನದೇನೂ ತಪ್ಪಿಲ್ಲ. ಕಂಪನಿಗೆ ನಿಮ್ಮಿಂದ ದುಡ್ಡು ಬರುವುದು ಟ್ಯಾಬ್ ಮಾರುವಾಗ ಒಂದೇ ಸಲ. ಆಮೇಲಿನ ಪ್ರತಿ ಅಪ್‌ಡೇಟೂ ಅದಕ್ಕೆ ಬರೀ ಖರ್ಚು. ಸೆಟ್ಟಿಂಗ್ಸ್ ಒಳಗೆ ‘ಸೆಕ್ಯುರಿಟಿ ಪ್ಯಾಚ್’ ಎಂಬ ಸಾಲಿನಲ್ಲಿ ಒಂದು ತಾರೀಖಿರುತ್ತದೆ. ಅದು ವರ್ಷದ ಹಿಂದಿನದಾಗಿದ್ದರೆ ಟ್ಯಾಬ್ ಅಲ್ಲೇ ಬಿಟ್ಟು, ಫ್ರೀ ಕವರ್ ಮಾತ್ರ ಕೇಳಿ ನೋಡಬಹುದು.

ಹಳೇ ಸಿಸ್ಟಂ ತುಂಬಿ ಮಾರುವ ಈ ಪರಂಪರೆಗೆ ಸರ್ಕಾರಿ ಮುದ್ರೆಯೇ ಬಿದ್ದಿದೆ. 2011ರ ಅಕ್ಟೋಬರ್ 5ರಂದು ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ದೆಹಲಿಯಲ್ಲಿ ‘ಆಕಾಶ್’ ಬಿಡುಗಡೆ ಮಾಡಿದರು. ಜಗತ್ತಿನಲ್ಲೇ ಅಗ್ಗದ ಟ್ಯಾಬ್ಲೆಟ್ ಎಂದು ಜಾಗಟೆ ಬಾರಿಸಿದ್ದಾಯಿತು. ಏಳಿಂಚಿನ ಪರದೆ, ಮುಟ್ಟಿದರೆ ಸಾಲದು, ಒತ್ತಬೇಕು. 256 ಎಂಬಿ ರ‍್ಯಾಮ್. ಒಳಗಿದ್ದದ್ದು ಫೋನುಗಳಿಗೆಂದು 2010ರಲ್ಲಿ ಬಂದಿದ್ದ ಆಂಡ್ರಾಯ್ಡ್ 2.2. ಟ್ಯಾಬ್ಲೆಟ್‌ಗಳಿಗೆಂದೇ ಗೂಗಲ್ ಮಾಡಿದ 3.0 ಅಷ್ಟು ಹೊತ್ತಿಗಾಗಲೇ ಬಂದು ತಿಂಗಳುಗಳಾಗಿದ್ದವು. ಎರಡು ವಾರ ಕಳೆಯುವಷ್ಟರಲ್ಲಿ 4.0 ಕೂಡ ಪ್ರಕಟವಾಯಿತು. ತೊಟ್ಟಿಲಿಗೆ ಹಾಕಿದ ದಿನವೇ ಷಷ್ಟ್ಯಬ್ದಿ.

ಈಗಿನ ಟ್ಯಾಬ್‌ಗಳು ಅಷ್ಟು ಮುದಿಯಾಗಿ ಹುಟ್ಟುವುದಿಲ್ಲ, ನಿಜ. ಅವುಗಳ ಸಮಸ್ಯೆ ಜಾಗದ್ದು. ಮೂವತ್ತು-ನಲವತ್ತರ ಸೈಟು ರಿಜಿಸ್ಟರ್ ಮಾಡಿಸಿಕೊಂಡು ಹೋಗಿ ನೋಡಿದರೆ ಹಳೇ ಮಾಲೀಕ ನಟ್ಟನಡುವೆಯೇ ಚಾಪೆ ಹಾಸಿ ಕೂತಿದ್ದಾನೆ, ಜೊತೆಗೆ ಅವನ ನೆಂಟರಿಷ್ಟರು. ಗೂಗಲ್‌ನ ಅಂಗಡಿ ಇದ್ದರೂ ಕಂಪನಿಯದೇ ಇನ್ನೊಂದು ಆಪ್ ಅಂಗಡಿ, ಥೀಮ್ ಮಾರಲು ಮತ್ತೊಂದು, ಯಾರೂ ಕರೆಯದೆ ಬಂದ ಎರಡು ಶಾಪಿಂಗ್ ಆಪ್, ‘ಕ್ಲೀನರ್’ ಎಂಬ ಹೆಸರಿಟ್ಟುಕೊಂಡು ಜಾಹೀರಾತು ಸುರಿಯುವ ಒಂದು ಪುಣ್ಯಾತ್ಮ. ಇವರಲ್ಲಿ ಕೆಲವರು ಬಾಡಿಗೆ ಕೊಟ್ಟೇ ಬಂದವರು; ಬಾಡಿಗೆ ಹೋಗುವುದು ಕಂಪನಿಗೆ, ಕಂದಾಯ ಕಟ್ಟುವವರು ನೀವು.

ಬಿಡಿಸಲು ದಾರಿ ಇಲ್ಲವೆಂದಲ್ಲ. ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಬೆರಳು ಕುಟ್ಟಿದರೆ, ‘ನೀವೀಗ ಡೆವಲಪರ್’ ಎಂದು ಟ್ಯಾಬ್ ಘೋಷಿಸುತ್ತದೆ. (ಇದನ್ನು ನೋಡಿದರೆ ನಾಲ್ಕು ವರ್ಷ ಇಂಜಿನಿಯರಿಂಗ್ ಫೀಸು ಕಟ್ಟಿದ ತಂದೆತಾಯಿ ಕೋರ್ಟಿಗೆ ಹೋದಾರು.) ಆಮೇಲೆ ಕಂಪ್ಯೂಟರಿಗೆ ಕೇಬಲ್ ಚುಚ್ಚಿ, ಎಡಿಬಿ ಎಂಬ ಕಪ್ಪು ಕಿಟಕಿ ತೆರೆದು, ಒಂದೊಂದೇ ಆಪಿನ ಜಾತಕನಾಮ ಹುಡುಕಿ ಆದೇಶ ಬರೆದರೆ ಅವು ಕಣ್ಮರೆಯಾಗುತ್ತವೆ. ಕಣ್ಮರೆ ಮಾತ್ರ. ಅಸಲು ಪ್ರತಿ ಸಿಸ್ಟಂ ಪಾರ್ಟಿಷನ್‌ನಲ್ಲೇ ಉಳಿಯುತ್ತದೆ, ಅಲ್ಲಿ ಬರೆಯಲು ನಿಮಗೆ ಹಕ್ಕಿಲ್ಲ, ಹಾಗಾಗಿ ಆ ಜಾಗವೂ ಸಿಗುವುದಿಲ್ಲ. ಟ್ಯಾಬ್ ನಿಧಾನವಾಯಿತೆಂದು ಫ್ಯಾಕ್ಟರಿ ರೀಸೆಟ್ ಮಾಡಿದರೋ, ನಿಮ್ಮದೆಲ್ಲ ಅಳಿದು ಅವರೆಲ್ಲ ಸಕುಟುಂಬ ವಾಪಸಾಗುತ್ತಾರೆ.

ಇಷ್ಟರ ನಡುವೆ ಒಂದು ದಿನ ಅಪ್‌ಡೇಟ್ ನಿಜಕ್ಕೂ ಬಂದೇಬಿಡುತ್ತದೆ. ಗಾತ್ರ ಎರಡು ಜಿಬಿ. ಖಾಲಿ ಇರುವುದು ಒಂದೂವರೆ. ಟ್ಯಾಬ್ ಬಲು ವಿನಯದಿಂದ, ಏನೇನು ಅಳಿಸಿದರೆ ಜಾಗವಾಗುತ್ತದೆ ಎಂದು ಪಟ್ಟಿ ಮುಂದಿಡುತ್ತದೆ. ಮೊದಲ ಸಾಲಿನಲ್ಲಿ ಮೊಮ್ಮಗುವಿನ ನಾಮಕರಣದ ವಿಡಿಯೊ, ಎರಡನೆಯದರಲ್ಲಿ ಮಗಳ ಎಸ್ಸೆಸ್ಸೆಲ್ಸಿ ನೋಟ್ಸು. ಥೀಮ್ ಅಂಗಡಿಯ ಹೆಸರು ಎಷ್ಟು ಕೆಳಗೆ ಸರಿಸಿದರೂ ಕಾಣುವುದಿಲ್ಲ. ಅದು ಸಿಸ್ಟಂ ಆಪ್, ಅದನ್ನು ಮುಟ್ಟಿದರೆ ವಾರಂಟಿ ಹೋಗುತ್ತದಂತೆ.