ಅಪ್ಪನ ಪ್ಲೇಟುಗಳು ಗುಜರಿಯಲ್ಲಿವೆ

ಬೆಂಗಳೂರಿನ ಇಂದಿರಾನಗರದಲ್ಲಿ ಈಗ ಅಪ್ಪಂದಿರಿಗೆ ಬೆಲೆ ಬಂದಿದೆ. ಬದುಕಿರುವ ಅಪ್ಪಂದಿರಿಗಲ್ಲ, ಅವರು ಎಂದಿನಂತೆ ಪಾರ್ಕಿನ ಬೆಂಚಿನ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಾರೆ. ಬೆಲೆ ಬಂದಿರುವುದು ತೀರಿಕೊಂಡವರಿಗೆ, ಅದೂ ಅವರು ಬಿಟ್ಟುಹೋದ ಸಾಮಾನಿಗೆ. ಮೊದಲು ಅಪ್ಪನ ಎಚ್‌ಎಂಟಿ ವಾಚು ಪೆಟ್ಟಿಗೆಯಿಂದ ಎದ್ದು ಮಗನ ಕೈಗೆ ಬಂತು. ಆಮೇಲೆ ಟೈಪ್‌ರೈಟರು ಷೋಕೇಸು ಹತ್ತಿತು. ಈಗ ಗ್ರಾಮಫೋನ್ ಪ್ಲೇಟುಗಳ ಸರದಿ. ಹಂಡ್ರೆಡ್ ಫೀಟ್ ರೋಡಿನ ಆಸುಪಾಸಿನ ಪಬ್ಬೊಂದರಲ್ಲಿ ಗೋಡೆ ತುಂಬ ಪ್ಲೇಟುಗಳನ್ನು ಮೊಳೆ ಹೊಡೆದು ನೇತುಹಾಕಿದ್ದಾರೆ. ಯಾರ ಮನೆಯಲ್ಲೋ ಬೆಳಗಿನ ಜಾವ ದೇವರನ್ನು ಎಬ್ಬಿಸುತ್ತಿದ್ದ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ, 1963ರ ಆ ಎಲ್‌ಪಿ, ಅಲ್ಲಿ ಬಿಯರಿನ ಪಟ್ಟಿಯ ಪಕ್ಕ ತೂಗುತ್ತಿದೆ. ದೇವರಿಗೆ ನಿದ್ದೆ ಹೇಗೆ ಬರಬೇಕು ಹೇಳಿ.

ನನ್ನ ಗೆಳೆಯನೊಬ್ಬನಿಗೆ ಈ ಪ್ಲೇಟಿನ ಹುಚ್ಚು ಹಿಡಿದು ಕೆಲವು ವರ್ಷಗಳಾದವು. ಹೆಸರು ಬೇಡ, ಜಗಳಕ್ಕೆ ಬರುತ್ತಾನೆ. ಅವನ ಅಪ್ಪ ಕೆ.ಆರ್. ಪುರಂ ಬಳಿಯ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ನೌಕರರಾಗಿದ್ದರು. 1948ರಲ್ಲಿ ಶುರುವಾದ ಆ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಟ್ಟಿತು. ಇವರ ಮನೆಗೆ ಟೆಲಿಫೋನು ಬರುವ ಹೊತ್ತಿಗೆ ಗೆಳೆಯನಿಗೆ ಮೀಸೆ ಬಂದಿತ್ತು. ಆಗ ಅವರ ವಾಸ ಹಲಸೂರು ಸೋಮೇಶ್ವರ ದೇವಸ್ಥಾನದ ಹಿಂದಿನ ವಠಾರ. ಬೆಳಿಗ್ಗೆ ಕಾರ್ಖಾನೆ ಬಸ್ಸು, ಸಂಜೆ ಎಚ್‌ಎಂವಿ ಫಿಯೆಸ್ಟಾ ಪೆಟ್ಟಿಗೆಯ ಮುಂದೆ ಒಂದು ತಾಸು. ಇಷ್ಟು ನಿಜ. ಉಳಿದದ್ದೆಲ್ಲ ಅಪ್ಪ ತೀರಿಕೊಂಡ ಮೇಲೆ ಸೇರಿಕೊಂಡದ್ದು. ಈಚೆಗೆ ಕೇಳಿದರೆ, ಅವನಪ್ಪ ಗಾಯಕ ಕಾಳಿಂಗರಾಯರ ದನಿಯ ಒಂದೊಂದು ಎಳೆಯನ್ನೂ ಬಿಡಿಸಿ ಹೇಳುತ್ತಿದ್ದ ಮಹಾ ರಸಿಕರು. ಇನ್ನೆರಡು ವರ್ಷ ಬಿಟ್ಟರೆ ಕಾಳಿಂಗರಾಯರೇ ಬಂದು ಇವರ ಹತ್ತಿರ ಪಾಠ ಹೇಳಿಸಿಕೊಂಡಾರು.

ತಮಾಷೆಯೆಂದರೆ ಅಪ್ಪನ ಒಂದು ಪ್ಲೇಟೂ ಇವನ ಬಳಿ ಇಲ್ಲ. ಕ್ಯಾಸೆಟ್ಟಿನ ಕಾಲ ಬಂದಾಗ ಅವನಮ್ಮ ಅಷ್ಟನ್ನೂ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದರು. ಈಗ ಮಗ ಅಂಥವನ್ನೇ ಬಿಡಿಬಿಡಿಯಾಗಿ, ಒಂದೊಂದಕ್ಕೆ ಸಾವಿರದ ಮೇಲೆ ಸುರಿದು ವಾಪಸ್ ತರುತ್ತಿದ್ದಾನೆ. ಅದೂ ಹಾಗೇ ತರುವಂತಿಲ್ಲ, ದರ್ಜೆ ನೋಡಬೇಕು. ಈ ಸಂಗ್ರಾಹಕರ ಲೋಕದಲ್ಲಿ ಮುಟ್ಟದೆ ಇಟ್ಟದ್ದು ‘ಮಿಂಟ್’. ‘ವೆರಿ ಗುಡ್’ ಅಂದರೆ ಕರಕರ ಸದ್ದು ಉಂಟು. ಬರೀ ‘ಗುಡ್’ ಅಂದರೆ ಅದರ ಕಥೆ ಮುಗಿದಂತೆ. ಮದುವೆ ದಲ್ಲಾಳಿ ‘ಹುಡುಗ ಒಳ್ಳೆಯವನು’ ಎಂದಷ್ಟೇ ಹೇಳಿ ಸುಮ್ಮನಾದ ಹಾಗೆ. ಮನೆಗೆ ತಂದ ಮೇಲೆ ಆಲ್ಕೋಹಾಲು, ಡಿಸ್ಟಿಲ್ಡ್ ವಾಟರು, ಮಖಮಲ್ಲಿನ ಬ್ರಷ್ಷು. ಅಪ್ಪನ ಕಾಲದಲ್ಲಿ ಪಂಚೆಯ ತುದಿ ಸಾಕಿತ್ತು. ಮುಳ್ಳು ಹಾರಿದರೆ ಅದರ ತಲೆಯ ಮೇಲೊಂದು ನಾಲ್ಕಾಣೆ ಇಟ್ಟರೆ ಹಾಡು ದಾರಿಗೆ ಬರುತ್ತಿತ್ತು.

ಅವನ ಬೇಟೆಯ ಜಾಗ ಶಿವಾಜಿನಗರದ ಗುಜರಿ. ನಾನೂ ಜೊತೆಗೆ ಹೋಗುತ್ತೇನೆ, ಮುಖ್ಯವಾಗಿ ರಸೆಲ್ ಮಾರ್ಕೆಟ್ಟಿನ ಸುತ್ತಲಿನ ತಿಂಡಿಗೆ. ಕಾರಿನ ಬಾಗಿಲು, ಗೇರ್ ಬಾಕ್ಸು, ತಲೆ ಇಲ್ಲದ ಫ್ಯಾನುಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಇಡೀ ದಂಡುಪ್ರದೇಶ ಬೆನ್ನಿಗೆ ಬೆನ್ನು ತಾಗಿಸಿ ನಿಂತಿದೆ. ಕಾಕ್ಸ್ ಟೌನಿನ ಯಾವುದೋ ಮನೆಯಿಂದ ಬಂದ ಜಿಮ್ ರೀವ್ಸ್. ಅವನ ಹಿಂದೆ ಕವ್ವಾಲಿ, ಕವ್ವಾಲಿಯ ಹಿಂದೆ ಹಲಸೂರಿನ ತಮಿಳು ಭಕ್ತಿಗೀತೆ, ಅದಕ್ಕೊರಗಿಕೊಂಡು ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ. ಹೊರಗೆ ಭಾಷೆಯ ಮೇಲೆ ಏನೇ ಕಿತ್ತಾಡಿಕೊಂಡರೂ ಪೆಟ್ಟಿಗೆಯೊಳಗೆ ಎಲ್ಲರಿಗೂ ಒಂದೇ ಬೂಷ್ಟು. ಬಹಳಷ್ಟು ಪ್ಲೇಟಿನ ಲೇಬಲ್ಲಿನ ಮೇಲೆ ನೇರಳೆ ಬಣ್ಣದ ರಬ್ಬರ್ ಮೊಹರು: ‘ಸೌಂಡ್ ಸರ್ವೀಸ್’. ಅವು ಮೈಕ್ ಸೆಟ್ಟಿನವರ ಪ್ಲೇಟುಗಳು. ಮದುವೆ, ಗಣಪತಿ, ರಾಜ್ಯೋತ್ಸವ ಎಂದು ಬೀದಿಬೀದಿಯಲ್ಲಿ ಅರಚಿ ಸವೆದಂಥವು. ಗೆಳೆಯ ಅವನ್ನು ಮುಟ್ಟುವುದಿಲ್ಲ. ನನಗೆ ಅವೇ ಇಷ್ಟ. ಊರಿಗೆಲ್ಲ ಕೇಳಿಸಿದ ಪ್ಲೇಟು ಸ್ವಲ್ಪ ಗೊರಗೊರ ಅಂದರೆ ಏನಂತೆ?

ಅವನು ಹುಡುಕುವುದು ಹೆಸರನ್ನು. ಹಳೇ ಕವರುಗಳ ಮೂಲೆಯಲ್ಲಿ ಮಾಲೀಕರು ಪೆನ್ನಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಕೆಲವರು ತಾರೀಕು, ಕೆಲವರು ಮನೆ ನಂಬರು. ಇನ್ನು ಕೆಲವುಗಳ ಮೇಲೆ ಮದುವೆಯ ಶುಭಾಶಯ, ಕೆಳಗೆ ಆಫೀಸಿನ ಹನ್ನೆರಡು ಜನರ ರುಜು. ಹನ್ನೆರಡು ಜನ ಸೇರಿ ಒಂದು ಎಲ್‌ಪಿ! ಸಂಗ್ರಾಹಕರಿಗೆ ಇದು ಕಳಂಕ. ಕವರಿನ ಮೇಲೆ ಬರಹ ಇದ್ದರೆ ಬೆಲೆ ಇಳಿಯುತ್ತದೆ. ಅಂದರೆ ಬೇರೆಯವರ ಅಪ್ಪನ ಹೆಸರಿದ್ದರೆ ಇವನು ಚೌಕಾಸಿ ಮಾಡಿ ಇನ್ನೂರು ಕಡಿಮೆ ಕೊಡುತ್ತಾನೆ. ತನ್ನಪ್ಪನ ಹೆಸರು ಸಿಕ್ಕಿದರೆ ಕೇಳಿದಷ್ಟು ಕೊಡಲು ತಯಾರು. ಅಂಗಡಿಯವನಿಗೆ ಇದು ಗೊತ್ತಾಗಿದೆ. “ಸಾರ್, ನಿಮ್ಮ ಫಾದರ್ ಹೆಸರು ಸ್ಪೆಲ್ಲಿಂಗ್ ಹೇಳಿಬಿಡಿ,” ಎಂದು ಮೊನ್ನೆ ಬಹಳ ಮುತುವರ್ಜಿಯಿಂದ ಕೇಳಿದ. ಅವನ ಕಿವಿಯ ಮೇಲೆ ಆಗಲೇ ಪೆನ್ನು ಕೂತಿತ್ತು. ನಾನು ಗೆಳೆಯನ ಕಾಲು ತುಳಿದೆ.

ಹೆಸರಿನ ವಿಷಯದಲ್ಲಿ ಗಾಯಕಿ ಗೋಹರ್ ಜಾನ್ ಜಾಣೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣ ಮಾಡಿದಾಗ, ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಮುದ್ರಣದ ಮೇಣ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟಾಗಬೇಕು. ಇದು ಯಾರ ಹಾಡು ಎಂದು ಅಲ್ಲಿಯವರಿಗೆ ತಿಳಿಯಬೇಕಲ್ಲ. ಅಷ್ಟು ಮೆರೆದಾಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಪ್ಲೇಟಿನಲ್ಲಿ ಇವತ್ತಿಗೂ ಹೆಸರು ಹೇಳುತ್ತಿದ್ದಾಳೆ. ಪೆನ್ನು, ಕವರು, ಪೇಪರಿನವನು, ಯಾರ ಹಂಗೂ ಇಲ್ಲ.

ಇದನ್ನು ಹೇಳಿದ್ದೇ ತಪ್ಪಾಯಿತೇನೋ, ಗೆಳೆಯ ಭಾವುಕನಾದ. ಎಚ್‌ಎಂವಿ ಲೇಬಲ್ಲಿನ ಮೇಲಿನ ನಾಯಿಯನ್ನು ತೋರಿಸಿ, “ಇದು ನಾನೇ ಕಣೋ” ಅಂದ. ಕೊಳವೆಯ ಮುಂದೆ ತಲೆ ವಾಲಿಸಿ ಕೂತ ಆ ನಾಯಿಯ ಹೆಸರು ನಿಪ್ಪರ್. ಸತ್ತ ಯಜಮಾನನ ದನಿ ಕೇಳುತ್ತಿದೆ ಎಂಬುದು ಅದರ ಬಗ್ಗೆ ಹಬ್ಬಿದ ಕಥೆ. ನಾನು ಬಿಡಲಿಲ್ಲ. ಚಿತ್ರಕಾರ ಫ್ರಾನ್ಸಿಸ್ ಬರಾಡ್ ಮೊದಲು ಬರೆದದ್ದು ಈ ಪ್ಲೇಟಿನ ಯಂತ್ರವನ್ನಲ್ಲ, ಮೇಣದ ಉರುಳೆಯ ಫೋನೋಗ್ರಾಫನ್ನು. ಅದರಲ್ಲಿ ಮನೆಯಲ್ಲೇ ಕೂತು ನಮ್ಮ ದನಿ ತುಂಬಿಸಬಹುದಿತ್ತು. ಚಿತ್ರ ಕೊಳ್ಳಲು ಒಪ್ಪಿದ ಗ್ರಾಮಫೋನ್ ಕಂಪನಿ 1899ರಲ್ಲಿ ಫೋನೋಗ್ರಾಫನ್ನು ಅಳಿಸಿ ತನ್ನ ಯಂತ್ರ ಬರೆಸಿತು. ಪ್ಲೇಟಿನ ಯಂತ್ರಕ್ಕೆ ಹಾಡುವುದು ಗೊತ್ತು, ಕೇಳಿಸಿಕೊಳ್ಳುವುದು ಗೊತ್ತಿಲ್ಲ. ಕಂಪನಿ ಮುದ್ರಿಸಿದ ದನಿ ಬಿಟ್ಟು ಅದರಿಂದ ಇನ್ನೊಂದು ಬರುವುದಿಲ್ಲ. ಪಾಪ, ಆ ನಾಯಿ ನೂರಿಪ್ಪತ್ತಕ್ಕೂ ಹೆಚ್ಚು ವರ್ಷದಿಂದ ತಪ್ಪು ಯಂತ್ರದ ಮುಂದೆ ಕೂತಿದೆ. “ನೀನೂ ಅಷ್ಟೆ,” ಅಂದೆ. ಆ ಸಂಜೆ ಅವನು ನನಗೆ ಕಾಫಿ ಕೊಡಿಸಲಿಲ್ಲ.

ಮನೆಯಲ್ಲಿ ಕೊಟ್ಟವರು ಅವನಮ್ಮ. ಹಲಸೂರಿನ ವಠಾರದಿಂದ ಇಂದಿರಾನಗರದ ಸೈಟಿಗೆ ಬಂದರೂ ಅವರ ಲೋಟ ಬದಲಾಗಿಲ್ಲ, ನಾಲಿಗೆಯೂ ಬದಲಾಗಿಲ್ಲ. ಗಂಡನ ಸಂಗೀತ ಜ್ಞಾನದ ಮಾತು ಬಂತು. “ಜ್ಞಾನ? 45ರ ಸ್ಪೀಡಿನ ಪ್ಲೇಟನ್ನ 33ರಲ್ಲಿ ಹಾಕಿ ಜಾನಕಿ ಕೈಲಿ ಗಂಡು ದನೀಲಿ ಹಾಡಿಸಿ ಚೆನ್ನಾಗಿದೆ ಅಂತಿದ್ರು. ಕೇಳಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ. ಯಾರೂ ಮುಟ್ಟಬಾರದು, ಅದೇ ಅವರ ಸಂಗೀತ.”

ಗೆಳೆಯ ಮಾತು ತಿರುಗಿಸಲು, ಕವರಿನ ಮೇಲೆ ಅಪ್ಪನ ಅಕ್ಷರ ಎಷ್ಟು ದುಂಡಗಿತ್ತು ಎಂದು ಶುರುಮಾಡಿದ.

“ಅದು ನನ್ನ ಅಕ್ಷರ. ಪಕ್ಕದ ಮನೆಯವರು ಇಸಕೊಂಡು ಹೋದ್ರೆ ವಾಪಸ್ ಕೊಡ್ತಿರಲಿಲ್ಲ. ಅದಕ್ಕೇ ನಿಮ್ಮಪ್ಪನ ಹೆಸರು ನಾನೇ ಬರೀತಿದ್ದೆ.”

ಅಷ್ಟು ವರ್ಷ ಗುಜರಿಯಲ್ಲಿ ಹುಡುಕಿದ ಅಕ್ಷರ ಎದುರಿಗೇ ಕೂತು ಹುರುಳಿಕಾಯಿ ಮುರಿಯುತ್ತಿತ್ತು. ಗೆಳೆಯ ಸುಮ್ಮನಾದ. ನನಗೂ ಕೀಟಲೆ ಸಾಕೆನಿಸಿ, ಪಾಪ ಇವನಿಗೆ ಅಪ್ಪನ ದನಿಯದೊಂದು ಗುರುತಾದರೂ ಉಳಿಯಬೇಕಿತ್ತು ಅಂದೆ.

“ದನಿ ಇದೆಯಲ್ಲ,” ಅಂದರು. “ಟೂ-ಇನ್-ಒನ್ ತಂದ ದಿನ ರೆಕಾರ್ಡ್ ಬಟನ್ ಒತ್ತಿ ಬಹಳ ಹೊತ್ತು ಮಾತಾಡಿದ್ರು. ರಾಜ್‌ಕುಮಾರ್ ಕ್ಯಾಸೆಟ್ಟು, ಅದರ ಮೇಲೇ! ಅರ್ಧ ಹಾಡು ಹೋಯ್ತು. ಟ್ರಂಕಿನಲ್ಲಿದೆ ನೋಡು, ಸೀರೆ ಕೆಳಗೆ.”

ಕ್ಯಾಸೆಟ್ಟನ್ನು ಸಂಗೀತವೆಂದೇ ಒಪ್ಪದ ಮಹಾಶಯ ಈಗ ಟ್ರಂಕಿನ ಮುಂದೆ ಮಂಡಿಯೂರಿದ್ದ. ಮನೆಯಲ್ಲಿ ಎರಡು ಟರ್ನ್‌ಟೇಬಲ್ಲು, ಆಂಪ್ಲಿಫೈಯರು, ಆಳೆತ್ತರದ ಸ್ಪೀಕರು ಇವೆ. ಕ್ಯಾಸೆಟ್ ಹಾಕಲು ಒಂದು ತೂತಿಲ್ಲ.

“ಏನು ಮಾತಾಡಿದ್ದಾರಮ್ಮ?” ಅಂತ ಅಲ್ಲಿಂದಲೇ ಕೇಳಿದ.

“ಇನ್ನೇನು, ಹಲೋ ಹಲೋ ಮೈಕ್ ಟೆಸ್ಟಿಂಗು. ಆಮೇಲೆ ನಿನ್ನ ಲೆಕ್ಕದ ಮಾರ್ಕ್ಸು. ಪೂರ್ತಿ ಬೈದಿದ್ದಾರೆ, ಬಿಡದೆ ಕೇಳು.”